ಮಾವನ ಕೈಗಡಿಯಾರ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಠಾಣೆಗೆ ಬಂದು ನಿಂತಿತು. ಮುಂದೆ ಖಾಡಿ. ಮರುವರ್ಷ ಸೇತುವೆಯಾಗಿ ಹಳಿ ಕಲ್ಯಾಣದವರೆಗೆ ಹೋಯಿತು. ಆ ಖಾಡಿ ದಾಟಿದರೆ ಸಿಗುವುದೇ ಕಳವಾ. 1916ರಲ್ಲಿ ಪಾರ್ಸಿಕ್ ಗುಡ್ಡದಲ್ಲಿ ಸುರಂಗವಾದ ಮೇಲೆ ಅವಸರದ ಗಾಡಿಗಳು ನೇರ ದಿವಾ ಕಡೆಗೆ ಓಡಿದವು. ಕಳವಾದ ಪಾಲಿಗೆ ಉಳಿದದ್ದು ಸ್ಲೋ ಲೋಕಲ್. ಫಾಸ್ಟ್ ನಿಲ್ಲದ ಕಡೆ ಬಾಡಿಗೆ ಕಡಿಮೆ, ಬಾಡಿಗೆ ಕಡಿಮೆ ಇದ್ದ ಕಡೆ ನಮ್ಮಂಥವರು.

ಕೊಂಕಣ ರೈಲು ಇಲ್ಲದ ಕಾಲದಲ್ಲಿ ಉಡುಪಿ ಕಡೆಯಿಂದ ಬಸ್ಸು ಹತ್ತಿ ಬಂದವನು ನಾನು. ಯಾಕೆ ಬಂದೆ ಎಂದರೆ ಹೊಟ್ಟೆಪಾಡು ಎನ್ನುತ್ತೇನೆ. ಕೇಳಿದವರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದರೆ 1974ರ ಭೂಸುಧಾರಣೆಯಲ್ಲಿ ಅಪ್ಪ ಡಿಕ್ಲರೇಶನ್ ಕೊಟ್ಟು ಗೇಣಿಯ ಗದ್ದೆ ನಮ್ಮದೇ ಆಗಿತ್ತು. ಗಂಜಿಗೆ ಕೊರತೆ ಇರಲಿಲ್ಲ. ನನ್ನ ತಲೆ ಕೆಡಿಸಿದವನು ಮಾವ.

ಮುಂಬಯಿಯ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದ ಅವನು ದೈವದ ನೇಮಕ್ಕೆಂದು ಊರಿಗೆ ಬಂದರೆ ಟೆರಿಲಿನ್ ಅಂಗಿ, ಕೈಗಡಿಯಾರ. ಚಾವಡಿಯಲ್ಲಿ ಸೂಟ್‌ಕೇಸ್ ತೆರೆದೊಡನೆ ನುಸಿಗುಳಿಗೆಯ ವಾಸನೆ ಮನೆಯಿಡೀ. ಮಾತಿನ ನಡುವೆ ಮಣಿಕಟ್ಟು ತಿರುಗಿಸಿ ಟೈಮ್ ನೋಡುವನು. ನಮ್ಮೂರಲ್ಲಿ ಟೈಮ್ ನೋಡಿ ಮಾಡುವ ಕೆಲಸ ಯಾವುದಿತ್ತು! ರಾತ್ರಿ ಗಿರಾಕಿಗಳು ಹೋದ ಮೇಲೆ ಹೋಟೆಲಿನ ಮೇಜು ಜೋಡಿಸಿ ಮಲಗುವುದನ್ನು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಡತನ ಊರು ಬಿಡಿಸುತ್ತದೆ ಎನ್ನುವುದು ಅರ್ಧ ಸತ್ಯ. ತೀರಾ ಬಡವನಿಗೆ ಬಸ್ ಚಾರ್ಜಿಗೂ ಗತಿಯಿರುವುದಿಲ್ಲ. ಹೊರಟವನಿಗೆ ಅತ್ತ ಕಡೆ ಒಬ್ಬ ಮಾವ ಬೇಕು. ವಿಜಯಪುರ, ಕಲಬುರಗಿಯಿಂದ ಗುಳೆ ಬಂದು ಇಲ್ಲಿ ಕಲ್ಲುಮಣ್ಣು ಹೊತ್ತವರ ಮಾತು ಬೇರೆ. ಅವರನ್ನು ಯಾರ ಗಡಿಯಾರವೂ ಕರೆಯಲಿಲ್ಲ, ಬಾರದ ಮಳೆಯೇ ಅಟ್ಟಿತು.

ಬಂದ ಮೇಲೆ ಹಿಡಿದು ನಿಲ್ಲಿಸಿದ್ದು ಇನ್ನೊಂದು: ರಾತ್ರಿಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆ ನಡೆಸಿದವು. ಹಗಲೆಲ್ಲ ಲೋಟ ತೊಳೆದ ಕೈ ರಾತ್ರಿ ಬೀಜಗಣಿತ ಬರೆಯುತ್ತಿತ್ತು. ಬೆರಳ ತುದಿ ನೀರಲ್ಲಿ ನೆನೆದು ಸುಕ್ಕಾಗಿ ಪೆನ್ನು ಜಾರುತ್ತಿತ್ತು. ಊರಿನಲ್ಲಿ ಶಾಲೆ ಬಿಟ್ಟವನು ಬಿಟ್ಟವನೇ. ಇಲ್ಲಿ ಬಿಟ್ಟಲ್ಲಿಂದ ಹಿಡಿಯಬಹುದಿತ್ತು. ಮುಂಬಯಿ ನಮಗೆ ಕೊಟ್ಟದ್ದರಲ್ಲಿ ಸಂಬಳಕ್ಕಿಂತ ಇದೇ ದೊಡ್ಡದು ಎಂದು ಈಗಲೂ ವಾದಿಸುತ್ತೇನೆ. ಎಸ್ಸೆಸ್ಸಿ ಮುಗಿದ ಮೇಲೆ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದಕ್ಕೆ ಸೇರಿದೆ. ಕಳವಾದಲ್ಲಿ ಕೋಣೆ ಹಿಡಿದೆ.

ಈಗ ಮಗಳು ಕೆನಡಾಕ್ಕೆ ಹೊರಟಿದ್ದಾಳೆ. ಇಲ್ಲೇನು ಕಡಿಮೆ ಎಂದೆ. ಉತ್ತರ ಕೊಡದೆ ಮೊಬೈಲಿನಲ್ಲಿ ಗೆಳತಿಯ ಫೋಟೊ ತೋರಿಸಿದಳು: ಹಿಮ, ಕೆಂಪು ಕೋಟು, ಕಾರು. ಆ ಗೆಳತಿ ಎಲ್ಲಿ ಮಲಗುತ್ತಾಳೆಂಬುದು ಫೋಟೊದಲ್ಲಿ ಇರಲಿಲ್ಲ.

ಪರವೂರಿನಿಂದ ಜಾತ್ರೆಗೆ, ಮದುವೆಗೆ ಊರಿಗೆ ಹೋಗುವವರಲ್ಲಿ ಒಂದು ವಿನಂತಿ. ಸೂಟ್‌ಕೇಸ್ ತೆರೆಯುವಾಗ ಆ ಮೇಜಿನ ಸುದ್ದಿಯನ್ನೂ ಹೇಳಿ. ಅದನ್ನು ಕೇಳಿ ಹೆದರಿ ಮನೆಯಲ್ಲಿ ಕೂರುವವರಲ್ಲ ನಮ್ಮ ಮಕ್ಕಳು.