ಘಾಟಿ ಇಳಿಯೋ ಹೊತ್ತು

ಕಾರ್ತೀಕ ಹತ್ರ ಬಂತು ಅಂದ್ರೆ ನಮ್ಮ ಕೊಂಡ್ಲಹಳ್ಳಿಲಿ ಬಸ್ಸಿನ ಮಾತು ಶುರುವಾಗುತ್ತೆ. ಶೇಂಗಾ ಕಿತ್ತು ಒಟ್ಟಿರ್ತಾರೆ, ಮಗ್ಗದ ಮನೆಯವರು ಹಬ್ಬದ ಸೀರೆ ಕೊಟ್ಟು ಕೈ ಬಿಡುವು ಮಾಡ್ಕೊಂಡಿರ್ತಾರೆ, ಸಂಘದ ಹೆಂಗಸರ ಕೈಯಲ್ಲೂ ನಾಕು ಕಾಸು ಓಡಾಡ್ತಿರುತ್ತೆ. ಈ ಸಾರಿ ನಮ್ಮ ಬೀದಿ, ಹಿಂದಿನ ಬೀದಿ ಸೇರಿ 42 ಜನ ಆಗಿದೀವಿ. ಬಸ್ಸಿನವರು ಕೊಟ್ಟ ಚೀಟಿ ನೀವೂ ನೋಡಿರ್ತೀರಿ: ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ, ಎರಡು ರಾತ್ರಿ ಒಂದು ಹಗಲು, ತಲೆಗೆ 1,400 ರೂಪಾಯಿ. ಎಲ್ಲರೂ ಹೆಸರು ಬರೆಸಿದ್ರು, ನಾನು ಬರೆಸಿಲ್ಲ. "ಯಾಕಕ್ಕ, ದುಡ್ಡಿಗೇನಾದ್ರೂ ತೊಂದ್ರೆನಾ?" ಅಂತ ಇಬ್ಬರು ಮೂವರು ಮೆಲ್ಲಗೆ ಕೇಳಿದ್ರು. ದುಡ್ಡಿನ ಮಾತಲ್ಲ ಕಣ್ರಮ್ಮ. ಒಬ್ಬೊಬ್ಬರ ಬಾಗಿಲಲ್ಲೂ ನಿಂತು ಹೇಳೋದಕ್ಕಿಂತ ಬರೆದೇಬಿಡೋಣ ಅಂತ ಕೂತಿದೀನಿ.

ನಾವು ಬಯಲುಸೀಮೆಯೋರು. ನಮಗೆ ಬೆಟ್ಟ ಅಂದ್ರೆ ನುಂಕೆಮಲೆ, ಇಲ್ಲ ಜಟಂಗಿ ರಾಮೇಶ್ವರ. ರಸ್ತೆ ಅಂದ್ರೆ ಬಿ.ಜಿ. ಕೆರೆಯಿಂದ ಚಳ್ಳಕೆರೆ ಕಡೆಗೆ ಹೋಗೋ ರಸ್ತೆ ಥರ ಇರಬೇಕು, ಎದುರಿಗೆ ಬರೋ ಲಾರಿ ದೂರದಿಂದಲೇ ಕಾಣಬೇಕು. ಅದಕ್ಕೇ ಘಾಟಿ ಶುರುವಾದ ತಕ್ಷಣ ನಮ್ಮೋರು ನಿಂಬೆಹಣ್ಣು ಮೂಸ್ತಾರೆ, ಕವರ್ ಹಿಡ್ಕೊಂತಾರೆ, ಕಣ್ಣು ಮುಚ್ಚಿ ಮಂಜುನಾಥ ಅಂತಾರೆ. ಎಲ್ಲರಿಗೂ ತಿರುವಿನ ಭಯ. ನನಗೆ ಮಾತ್ರ ತಿರುವಿಗಿಂತ ಆ ಚೀಟಿಯ ಭಯ ಜಾಸ್ತಿ.

ಲೆಕ್ಕ ಹಾಕಿ ನೋಡಿ. ರಾತ್ರಿ ಊಟ ಮುಗಿಸಿ, ಬಸ್ಸಿಗೆ ಪೂಜೆ ಮಾಡಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡೋ ಹೊತ್ತಿಗೆ 9 ಗಂಟೆ. ಧರ್ಮಸ್ಥಳ ಇಲ್ಲಿಂದ ಹತ್ತತ್ರ ಮುನ್ನೂರು ಕಿಲೋಮೀಟರ್. ಚಳ್ಳಕೆರೆ, ಹಿರಿಯೂರು ದಾಟಿ ಚಿಕ್ಕಮಗಳೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರ ಮುಟ್ಟೋದು ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೆ. ಅಲ್ಲಿಂದಲೇ ಚಾರ್ಮಾಡಿ ಇಳಿಜಾರು. ಮಕ್ಕಳಿಗೆ ಜ್ವರ ಬಂದಾಗ ರಾತ್ರಿಯೆಲ್ಲಾ ಕೂತಿದ್ದೋರಿಗೆ ಗೊತ್ತಿರುತ್ತೆ, ಎರಡು ಗಂಟೆವರೆಗೂ ಹೆಂಗೋ ತಡ್ಕೋಬಹುದು, ಮೂರು ನಾಲ್ಕರ ನಿದ್ದೆ ತಡೆಯೋಕೆ ಆಗಲ್ಲ. ಇಡೀ ದಾರೀಲಿ ಕಷ್ಟದ ಜಾಗಕ್ಕೆ ಇಡೀ ರಾತ್ರೀಲಿ ಕೆಟ್ಟ ಹೊತ್ತಲ್ಲಿ ಹೋಗಿ ನಿಲ್ತೀವಿ, ಮೇಲೆ ಮಂಜು ಬೇರೆ. ಯಾರೂ ಬೇಕು ಅಂತ ಮಾಡಿದ್ದಲ್ಲ. ಬೆಳಿಗ್ಗೆ ನೇತ್ರಾವತಿ ಸ್ನಾನ, ಆಮೇಲೆ ದರ್ಶನ, ಮಧ್ಯಾಹ್ನ ಕುಕ್ಕೆ ಅಂತ ಲೆಕ್ಕ ಜೋಡಿಸಿದ್ರೆ ಘಾಟಿ ತಾನಾಗೇ ನಾಲ್ಕು ಗಂಟೆಗೆ ಬಂದು ಬೀಳುತ್ತೆ.

ನಾಲ್ಕು ವರ್ಷದ ಹಿಂದೆ ಹೋದಾಗ ನಮ್ಮ ಓರಗಿತ್ತಿ ಮುಂದಿನ ಸೀಟಲ್ಲಿ ಕೂತಿದ್ಲು. ನಾವೆಲ್ಲಾ ಹಿಂದೆ ಗೊರಕೆ. ಚಾರ್ಮಾಡಿ ಇಳೀತಾ ಆ ಡ್ರೈವರ್ ಹುಡುಗನ ತಲೆ ಒಂದು ಸಾರಿ ಕೆಳಗೆ ಹೋಗಿ ಮೇಲೆ ಬಂದಿದ್ದನ್ನ ನೋಡಿಬಿಟ್ಲು. ಅವಳು ಕೂಗಲಿಲ್ಲ. ಕೂಗಿದ್ರೆ ಅವನು ಗಾಬರಿ ಬಿದ್ದು ಸ್ಟೇರಿಂಗ್ ಎಳೀತಾನೆ ಅನ್ನೋ ಬುದ್ಧಿ ಆ ಹೊತ್ತಲ್ಲಿ ಅವಳಿಗೆ ಹೆಂಗೆ ಬಂತೋ. "ಅಪ್ಪಾ, ವಾಂತಿ ಬಂದಂಗಾಗ್ತೈತೆ, ಒಂದೀಟು ನಿಲ್ಲಿಸಪ್ಪ" ಅಂದ್ಲಂತೆ. ಅಣ್ಣಪ್ಪಸ್ವಾಮಿ ಗುಡಿ ಹತ್ರ ನಿಲ್ಲಿಸಿದ. ಅವನಿಗೆ ಮುಖಕ್ಕೆ ನೀರು ಕೊಟ್ಟು, ಯಾವಾಗ ಮಲಗಿದ್ದೆ ಮಗ ಅಂತ ಕೇಳಿದ್ವಿ. "ನಿನ್ನೆ ಮದುವೆ ಟ್ರಿಪ್ಪು ಅಮ್ಮ, ಮೊನ್ನೆ ತಿರುಪತಿ" ಅಂದ. ನನ್ನ ಎರಡನೇ ಮಗನ ವಯಸ್ಸು, ಕಣ್ಣು ಕೆಂಡದಂಗೆ ಕೆಂಪಗೆ. ಅವನ ಮೇಲೆ ಸಿಟ್ಟು ಹೆಂಗೆ ಬರುತ್ತೆ ಹೇಳಿ? ಅವನನ್ನ ಸೀಟಿನ ಮೇಲೇ ಒಂದೂವರೆ ತಾಸು ಮಲಗಿಸಿದ್ವಿ. ಸಾಲು ಜಾಸ್ತಿ ಆಗುತ್ತೆ, ದರ್ಶನ ತಡ ಆಗುತ್ತೆ ಅಂತ ನಮ್ಮೋರೇ ನಾಲ್ಕು ಜನ ಗೊಣಗಿದ್ರು. ಯಾರು ಅಂತ ಇಲ್ಲಿ ಬರೆಯಲ್ಲ, ಓದ್ತಿರ್ತಾರೆ.

ನಮ್ಮಣ್ಣ ಸರ್ಕಾರಿ ಬಸ್ಸಲ್ಲಿ 26 ವರ್ಷ ಡ್ರೈವರ್ ಆಗಿದ್ದವನು. ಅವನಿಗೆ ಇದನ್ನ ಹೇಳಿದಾಗ ಮೊದಲು ಕೇಳಿದ್ದು, "ಎರಡನೇ ಡ್ರೈವರ್ ಇರಲಿಲ್ವಾ?" ಅಂತ. ಡ್ರೈವರ್ ಕೆಲಸಕ್ಕೂ ಕಾನೂನು ಇತ್ತಂತೆ, 1961ನೇ ಇಸವಿದು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, ಅದೂ ಸತತ 5 ತಾಸು ಓಡಿಸಿದ್ರೆ ಮಧ್ಯೆ ಅರ್ಧ ತಾಸು ಬಿಡುವು ಕೊಡಬೇಕು ಅಂತ ಅದರಲ್ಲಿ ಇತ್ತಂತೆ. ನಮ್ಮ ಚೀಟಿ ಪ್ರಕಾರ ಒಬ್ಬನೇ ಎರಡು ರಾತ್ರಿ, ಒಂದು ಹಗಲು ಓಡಿಸಬೇಕು. ನಾವು ದೇವರ ಮುಂದೆ ಸಾಲಲ್ಲಿ ನಿಂತಾಗ ಅವನು ಪಾರ್ಕಿಂಗ್ ಬಿಸಿಲಲ್ಲಿ ಬಸ್ಸಿನೊಳಗೆ ಬೆವರು ಸುರಿಸ್ಕೊಂಡು ಮಲಗೋದನ್ನ ನಿದ್ದೆ ಅಂತ ಲೆಕ್ಕ ಹಿಡಿಯೋಕಾಗುತ್ತಾ?

ಅಣ್ಣ ಇನ್ನೊಂದು ಹೇಳಿದ. ಘಾಟಿ ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ಇಂಜಿನ್ನೇ ಬಸ್ಸನ್ನ ಹಿಡ್ಕೋಬೇಕು, ಬ್ರೇಕು ನಡುನಡುವೆ ಅಷ್ಟೇ. ಕೆಲವರು ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕಿ ಬಿಡ್ತಾರೆ, ಆಗ ಭಾರವೆಲ್ಲಾ ಬ್ರೇಕಿನ ಮೇಲೆ. ಒತ್ತಿ ಒತ್ತಿ ಅದು ಕಾಯುತ್ತೆ, ಕಾದ ಮೇಲೆ ಒತ್ತಿದ್ರೂ ಹಿಡಿಯಲ್ಲ. ಇಳಿಯುವಾಗ ಬಸ್ಸೊಳಗೆ ರಬ್ಬರ್ ಸುಟ್ಟಂಗೆ ಘಾಟು ಬಂದ್ರೆ, ಯಾರೋ ಟೈರು ಸುಡ್ತಿದಾರೆ ಅಂತ ಕಿಟಕಿ ಮುಚ್ಚಬಾರದು, ನಿಲ್ಲಿಸು ಅನ್ನಬೇಕು. ಹತ್ತಿ ಬರೋ ಗಾಡಿಗೆ ಇಳಿಯೋನು ದಾರಿ ಬಿಡಬೇಕು, ಅದೂ ನಿಯಮ. ನಾವು ಅಡಿಗೆ ಮನೇಲಿ ಹಾಲು ಉಕ್ಕೋ ಮುಂಚೆ ವಾಸನೆ ಹಿಡಿಯೋರು, ಇದನ್ನ ಹಿಡಿಯೋಕಾಗಲ್ವಾ?

ತಿರುಮಲೆ ದಾರಿ ನೆನಪು ಮಾಡ್ಕೊಳ್ಳಿ. ನಮ್ಮೂರಿಂದ ಹೋಗದೇ ಇರೋರು ಯಾರಿದಾರೆ? ಅಲ್ಲಿ ಮೊದಲನೇ ಘಾಟ್ ರಸ್ತೆ 1944ರಲ್ಲಿ ಆಗಿದ್ದು, ಎರಡನೇದು 1974ರಲ್ಲಿ. ಹೊಸದರಲ್ಲಿ ಹತ್ತೋದು, ಹಳೇದರಲ್ಲಿ ಇಳಿಯೋದು, ಎದುರಿಗೆ ಬರೋ ಗಾಡಿಯ ಗೊಡವೆನೇ ಇಲ್ಲ. ಅದಕ್ಕಿಂತ ನನಗೆ ಮೆಚ್ಚಿಗೆ ಆಗಿದ್ದು ಹೊತ್ತಿನ ಕಟ್ಟಳೆ. ಹತ್ತೋಕೆ 28 ನಿಮಿಷ, ಇಳಿಯೋಕೆ 40 ನಿಮಿಷ ಹಿಡಿಯಲೇಬೇಕು, ಅದಕ್ಕಿಂತ ಬೇಗ ಬಂದ್ರೆ ದಂಡ! ತಡ ಆದ್ರೆ ಬೈಸ್ಕೊಂಡಿದೀವಿ, ಬೇಗ ಬಂದಿದ್ದಕ್ಕೆ ದಂಡ ಹಾಕೋದು ನಾನು ಕಂಡಿದ್ದು ಅಲ್ಲೊಂದೇ. ಆಗುಂಬೇಲೂ ಅಷ್ಟೇ, 14 ಸುತ್ತಿನ ಘಾಟೀಲಿ ದೊಡ್ಡ ಬಸ್ಸು ಬಿಡಲ್ಲ, ಮಿನಿ ಬಸ್ಸೇ. ಅದನ್ನ ಓಡಿಸೋರಿಗೆ ದಿನಾ ಅದೇ ದಾರಿ, ಯಾವ ಮೂಲೇಲಿ ಏನೈತೆ ಅಂತ ಗೊತ್ತಿರುತ್ತೆ. ನಮ್ಮ ಬಯಲಿನ ಹುಡುಗ ವರ್ಷಕ್ಕೆ ನಾಲ್ಕು ಸಾರಿ ಘಾಟಿ ಕಾಣೋನು.

ಧರ್ಮಾವರ ನಮ್ಮ ನೇಕಾರರಿಗೆ ಗೊತ್ತಿಲ್ಲದ ಊರಲ್ಲ, ನಮ್ಮ ಹಾಗೇ ರೇಷ್ಮೆ ಸೀರೆ ನೇಯೋ ಊರು. ಅಲ್ಲಿಂದ 2022ರ ಮಾರ್ಚ್ 26ಕ್ಕೆ ತಿರುಪತಿ ಕಡೆಗೆ ಒಂದು ಬಸ್ಸು ಹೊರಟಿತ್ತು, ಮಾರನೇ ದಿನ ನಿಶ್ಚಿತಾರ್ಥ. ರಾತ್ರಿ ಭಾಕರಾಪೇಟೆ ಘಾಟೀಲಿ ಕಣಿವೆಗೆ ಬಿತ್ತು. ಸೀರೆ, ಬಳೆ, ಹಣ್ಣಿನ ತಟ್ಟೆ ಎಲ್ಲಾ ಹೊಂದಿಸ್ಕೊಂಡು ಹೊರಟಿದ್ದ ಮನೆ ಜನ. ಆ ಸುದ್ದಿ ಟೀವೀಲಿ ಬಂದಾಗ ಅನ್ನ ಸೇರಲಿಲ್ಲ ನನಗೆ. ಅದಕ್ಕೂ ಎರಡು ವರ್ಷ ಮುಂಚೆ, 2020ರ ಫೆಬ್ರವರಿ 15ಕ್ಕೆ, ಮೈಸೂರಿಂದ ಉಡುಪಿಗೆ ಪ್ರವಾಸ ಹೊರಟಿದ್ದ ಬಸ್ಸು ಕುದುರೆಮುಖ–ಕಾರ್ಕಳ ಘಾಟೀಲಿ ರಸ್ತೆ ಪಕ್ಕದ ಬಂಡೆಗೆ ಉಜ್ಜಿ 9 ಜನ ಹೋದ್ರು. ಒಂದೇ ಕಡೆ ಕೆಲಸ ಮಾಡೋ ಹುಡುಗ ಹುಡುಗಿಯರು. ಅದು ನಡುರಾತ್ರಿ ಅಲ್ಲ, ಸಂಜೆ. ಹಾಗಾಗಿ ಹಗಲು ಹೋದ್ರೆ ಸಾಕು ಅಂತ ನಾನು ಹೇಳ್ತಿಲ್ಲ.

ನಮ್ಮಕ್ಕನ ಮಗಳು ಅಮೆರಿಕದಲ್ಲಿದಾಳಲ್ಲ, ಅವಳು ಹೋದ ವರ್ಷ ಗಂಡನ ಜೊತೆ ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ಪ್ರವಾಸ ಹೋಗಿದ್ಲು. ಒಂದೊಂದು ದಿನ ಒಂದೊಂದು ದ್ವೀಪ. ಬೆಳಿಗ್ಗೆ ಹಡಗು ನಿಲ್ಲುತ್ತೆ, ಇಳಿದ ಕೂಡಲೇ ಬಸ್ಸು ಹತ್ತಿಸ್ತಾರೆ, ಸಂಜೆ ಒಳಗೆ ವಾಪಸ್. ಸೇಂಟ್ ಲೂಸಿಯಾ ಅನ್ನೋ ದ್ವೀಪದಲ್ಲಿ ಸಮುದ್ರದಿಂದಲೇ ಬೆಟ್ಟ ಎದ್ದಂಗೈತಂತೆ, ರಸ್ತೆ ನಮ್ಮ ಚಾರ್ಮಾಡಿನೇ. "ಚಿಕ್ಕಮ್ಮ, ತಿರುವು ನೋಡಿ ಭಯ ಆಗಲಿಲ್ಲ, ಡ್ರೈವರ್ ಗಡಿಯಾರ ನೋಡ್ತಿದ್ದ, ಅದಕ್ಕೆ ಭಯ ಆಯ್ತು" ಅಂದ್ಲು. ಹಡಗಿನವರ ಮೂಲಕ ಹೋದ್ರೆ ತಡವಾದರೂ ಸಾಮಾನ್ಯವಾಗಿ ಕಾಯ್ತಾರಂತೆ, ಹೊರಗೆ ಅಗ್ಗಕ್ಕೆ ಬಸ್ಸು ಹಿಡಿದೋರಿಗೆ ಕಾಯಲ್ಲ. 2017ರ ಡಿಸೆಂಬರಿನಲ್ಲಿ ಮೆಕ್ಸಿಕೋದಲ್ಲಿ ಹಡಗಿನಿಂದ ಇಳಿದೋರನ್ನ ಹಳೇ ಗುಡಿ ನೋಡೋಕೆ ಕರ್ಕೊಂಡು ಹೋಗ್ತಿದ್ದ ಬಸ್ಸು ಮಗುಚಿ 12 ಜನ ಸತ್ತರು ಅಂತಾನೂ ಅವಳೇ ಹೇಳಿದ್ದು. ಅಲ್ಲಿ ಘಾಟೀನೇ ಇಲ್ಲ, ಸಪಾಟು ರಸ್ತೆ. ಅಷ್ಟು ದುಡ್ಡು ಕೊಟ್ಟು ಹೋಗೋರಿಗೂ ನಮಗೂ ಪ್ರವಾಸದ ಚೀಟಿ ಒಂದೇ ಥರ ಬರೀತಾರೆ ನೋಡಿ.

ಈಗ ನನ್ನ ಮಾತು. ಬೆಳಿಗ್ಗೆ 5ಕ್ಕೆ ಹೊರಡೋಣ. ಬುತ್ತಿ ಚಿಕ್ಕಮಗಳೂರು ದಾಟಿ ಬಿಚ್ಚೋಣ, ಡ್ರೈವರ್‌ಗೆ ಒಂದು ತಾಸು ಬಿಡುವು ಕೊಟ್ಟು, ಹಗಲು ಬೆಳಕಲ್ಲೇ ಚಾರ್ಮಾಡಿ ಇಳಿಯೋಣ. ರಾತ್ರಿ ಧರ್ಮಸ್ಥಳದಲ್ಲಿ ಮಲಗೋಣ, ಡ್ರೈವರ್‌ಗೂ ಒಂದು ಹಾಸಿಗೆ ನಮ್ಮ ಲೆಕ್ಕದಲ್ಲೇ. ಮಾರನೇ ದಿನ ದರ್ಶನ, ಕುಕ್ಕೆ, ರಾತ್ರಿ ಮತ್ತೆ ಧರ್ಮಸ್ಥಳ. ಮೂರನೇ ದಿನ ಬೆಳಿಗ್ಗೆ ಹೊರಟು ಸಂಜೆ ಊರು. ಹೊರನಾಡು, ಶೃಂಗೇರಿ ಈ ಸಾರಿ ಬೇಡ. ಮಳೆ ಇನ್ನೂ ಹಿಡಿದಿದ್ರೆ ಹೊರಡೋ ಮುಂಚೆ ಘಾಟಿ ತೆರೆದೈತಾ ಅಂತ ಕೇಳ್ಕೊಳ್ಳಬೇಕು. 2019ರ ಆಗಸ್ಟಲ್ಲಿ ಗುಡ್ಡ ಕುಸಿದು ಚಾರ್ಮಾಡಿ ತಿಂಗಳುಗಟ್ಟಲೆ ಬಂದ್ ಆಗಿತ್ತಲ್ಲ.

ಇದಕ್ಕೆ ಬಸ್ಸಿನವರು ತಲೆಗೆ 1,800 ಕೇಳ್ತಿದಾರೆ. 400 ಜಾಸ್ತಿ. ಈ ನಾನೂರು ನಮ್ಮಂಥೋರಿಗೆ ಒಂದು ಮಾತು, ಕೂಲಿಗೆ ಹೋಗೋ ಹೆಣ್ಣುಮಕ್ಕಳಿಗೆ ಬೇರೆ ಮಾತು, ಅದು ನನಗೆ ಗೊತ್ತು. ಹಿಂದಿನ ಬೀದಿಯ ನಮ್ಮ ತಂಗಿಯೊಬ್ಬಳು "ಇದ್ದಿದ್ದನ್ನೇ ಕೂಡಿಸಿಟ್ಟಿದ್ದೆ ಅಕ್ಕ, ಹಂಗಾದ್ರೆ ನನ್ನ ಹೆಸರು ಹೊಡೆದುಹಾಕಿ" ಅಂದಾಗ ನನ್ನ ಬಾಯಿ ಕಟ್ಟಿಹೋಯ್ತು. ಅವಳನ್ನ ಬಿಟ್ಟು ಹೋಗೋದಕ್ಕೆ ನನಗೆ ಮನಸ್ಸಿಲ್ಲ. ಸೀಟಿಗೆ ಅಂತ ಅಲ್ಲದೆ ಮನೆಗೆ ಇಷ್ಟು ಅಂತ ಎತ್ತಿದ್ರೆ ಏಳೆಂಟು ಜನರ ನಾನೂರು ಹೊಂದಿಸಬಹುದು, ನನ್ನ ಪಾಲು ನಾನು ಆಗಲೇ ತೆಗೆದಿಟ್ಟಿದೀನಿ. ಅಗ್ಗ ಆಗುತ್ತೆ ಅಂತ ಯಾರದೋ ಶಾಲೆ ಬಸ್ಸು ಕೇಳೋಣ ಅಂದ್ರಲ್ಲ, ಅದು ಬೇಡವೇ ಬೇಡ. ಪ್ರವಾಸಕ್ಕೆ ಪರ್ಮಿಟ್ ಇಲ್ಲದ ಗಾಡೀಲಿ ಏನಾದ್ರೂ ಆದ್ರೆ ವಿಮೆಯವರ ಬಾಗಿಲಿಗೆ ಅಲೆಯೋದು ಮನೇಲಿ ಉಳಿದೋರು.

ನಮ್ಮ ಚಿಕ್ಕತ್ತೆಗೆ ಕೋಪ ಬಂದೈತೆ, ಹೊರನಾಡಮ್ಮನ್ನ ನೋಡಬೇಕು ಅಂತ ಮೂರು ವರ್ಷದಿಂದ ಕಾಯ್ತಿದಾರೆ. ಅವರಿಗೆ 74 ವರ್ಷ, ಮುಂದಿನ ವರ್ಷ ಅಂತ ಅವರ ಮುಂದೆ ಹೇಳೋಕೆ ನನಗೆ ಧೈರ್ಯ ಸಾಲದು. ಸಂಕ್ರಾಂತಿ ಮುಗಿದ ಮೇಲೆ ಅವರೊಬ್ಬರನ್ನೇ ಸರ್ಕಾರಿ ಬಸ್ಸಲ್ಲಿ ಹೊರನಾಡಿಗೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ. ಸೊಂಟಕ್ಕೆ ದಿಂಬು ಬೇಕು, ಕಿಟಕಿ ಪಕ್ಕ ಸೀಟು ಬೇಕು ಅಂತ ಈಗಿಂದಲೇ ಹೇಳಿಟ್ಟಿದಾರೆ.

ಬುಧವಾರ ಸಂಜೆ ದೀಪ ಹಚ್ಚಿದ ಮೇಲೆ ನಮ್ಮನೆ ಕಟ್ಟೆ ಮೇಲೆ ಸೇರೋಣ, ಬಸ್ಸಿನವರೂ ಬರ್ತಾರೆ. ಎರಡನೇ ಡ್ರೈವರ್ ಕೊಡ್ತಾರಾ, ಹಿಂದಿನ ರಾತ್ರಿ ಅವನು ಮನೇಲಿ ಮಲಗಿರ್ತಾನಾ ಅಂತ ಎಲ್ಲರ ಎದುರಿಗೇ ಕೇಳ್ತೀನಿ. ಬುತ್ತಿಗೆ ಯಾರು ಏನು ತರೋದು ಅನ್ನೋದೂ ಆಗಲೇ ಮಾತಾಡಿಬಿಡೋಣ, ಹೋದ ಸಾರಿ ಒಂಬತ್ತು ಮನೆಯಿಂದಲೂ ಚಿತ್ರಾನ್ನವೇ ಬಂದಿತ್ತು.