ಯಾವ ಉಳವಿ?

ನಮ್ಮೂರು ಉಳವಿ ಎಂದರೆ ಧಾರವಾಡದ ಕಡೆಯವರು ಕೂಡಲೇ ಕೈ ಮುಗಿಯುತ್ತಾರೆ. ಅವರ ಮನಸ್ಸಿನಲ್ಲಿರುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಉಳವಿ, ಚನ್ನಬಸವಣ್ಣನವರ ಸಮಾಧಿಯಿರುವ ಕ್ಷೇತ್ರ. ನಮ್ಮದು ಸೊರಬ ತಾಲ್ಲೂಕಿನದು. ವಿಳಾಸದಲ್ಲಿ ತಾಲ್ಲೂಕು ಬಿಟ್ಟರೆ ಕಾಗದ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಈ ಪುಟ್ಟ ಸಂಗತಿ ಒಂದು ಕಂಪ್ಯೂಟರ್ ಪ್ರೋಗ್ರಾಂ ಸರಿಪಡಿಸಲು ನೆರವಾಗುತ್ತದೆಂದು ನಾನು ಎಣಿಸಿರಲಿಲ್ಲ.

ತಂಗಿಯ ಮಗಳು ಬಿ.ಸಿ.ಎ. ಮೊದಲ ವರ್ಷದಲ್ಲಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಅಡಿಕೆ ಮಾರಿದ ಹಣದಲ್ಲಿ ಭಾವ ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ರಜೆಗೆ ಬಂದವಳು ಎರಡು ದಿನ ಅದರ ಮುಂದೆಯೇ ಕುಳಿತು, ಮೂರನೆಯ ದಿನ ಮುಚ್ಚಿಟ್ಟು, “ಮಾವ, ಇದು ನನ್ನಂಥೋರಿಗಲ್ಲ. ಬರೋ ವರ್ಷ ಬಿ.ಎ. ಸೇರ್ತೀನಿ” ಎಂದಳು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಭಾವ ತಲೆ ಎತ್ತಲಿಲ್ಲ. ಆದರೆ ಮೆಟ್ಟುಗತ್ತಿಯ ಸದ್ದು ನಿಂತಿತು.

ಅವಳ ಕೆಲಸ ಇಷ್ಟೇ. ಕನ್ನಡ ವಿಕಿಪೀಡಿಯದಿಂದ ಕೆಲವು ಲೇಖನಗಳನ್ನು ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಂಡು, ಪೈಥಾನ್ ಭಾಷೆಯಲ್ಲಿ ಅವುಗಳ ಶೀರ್ಷಿಕೆಗಳ ಪಟ್ಟಿ ತೆಗೆಯುವುದು. ಎಕ್ಸ್‌ಎಂಎಲ್ ಎಂದರೆ ಹೆದರಬೇಡಿ. ಮಾಹಿತಿಗೆ ಹೆಸರಿನ ಚೀಟಿ ಅಂಟಿಸಿ, ಡಬ್ಬಿಯೊಳಗೆ ಡಬ್ಬಿಯಿಟ್ಟಂತೆ ಜೋಡಿಸುವ ಕ್ರಮ ಅದು, 1998ರಿಂದ ರೂಢಿಯಲ್ಲಿದೆ.

ಶಿವಮೊಗ್ಗದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕುಳಿತವನಾದರೂ ನನಗೆ ಪೈಥಾನ್ ಅಷ್ಟಕ್ಕಷ್ಟೆ. ದೋಷದ ಸಂದೇಶವನ್ನು ಕೊನೆಯ ಸಾಲಿನಿಂದ ಓದಬೇಕು ಎಂಬುದಷ್ಟು ಗೊತ್ತು. “ಏನೇನು ಬಂತು, ತೋರಿಸು” ಎಂದೆ.

ಮೊದಲ ದಿನದ್ದು ಬೊಬ್ಬೆ ಹಾಕುವ ದೋಷ: ‘ಯೂನಿಕೋಡ್ ಡಿಕೋಡ್ ಎರರ್’. ಅವಳು ‘ಓಪನ್’ ಎಂದು ಕಡತ ತೆರೆದಿದ್ದಳು. ಅವಳ ವಿಂಡೋಸ್ ಅದನ್ನು 1252 ಎಂಬ ಹಳೆಯ ಇಂಗ್ಲಿಷ್ ಸಂಕೇತಪಟ್ಟಿಯಂತೆ ಓದಹೊರಟಿತ್ತು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ‘ಉಳವಿ’ಗೆ 12. ಕೊಂಬು ಮತ್ತು ಅರ್ಧಾಕ್ಷರದ ಚಿಹ್ನೆ ಇವುಗಳ ಕೊನೆಯ ಬೈಟ್‌ಗೆ ಆ ಹಳೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. ಕೊಂಬೋ ಒತ್ತೋ ಎದುರಾದ ಕೂಡಲೇ ಪ್ರೋಗ್ರಾಂ ಮುಗ್ಗರಿಸುತ್ತಿತ್ತು. ‘ಓಪನ್’ ಬಿಟ್ಟು, ಕಡತದ ಹೆಸರನ್ನೇ ಎಲಿಮೆಂಟ್‌ಟ್ರೀಯ ‘ಪಾರ್ಸ್’ಗೆ ಕೊಟ್ಟು ಅದನ್ನು ಅವಳೇ ದಾಟಿದ್ದಳು. ಇದೇನು ಸಣ್ಣ ಕೆಲಸವೇ?

ಎರಡನೆಯದು ಮೌನದ ದೋಷ. ಕೆಂಪು ಅಕ್ಷರವಿಲ್ಲ, ಬೈಗುಳವಿಲ್ಲ. ‘ಪೇಜ್’ಗಳೆಷ್ಟು ಎಂದರೆ ಉತ್ತರ 0. ನೋಟ್‌ಪ್ಯಾಡಿನಲ್ಲಿ ತೆರೆದರೆ ಅವು ಕಣ್ಣೆದುರೇ ಇವೆ! ಮಕ್ಕಳನ್ನು ಕುಗ್ಗಿಸುವುದು ಇಂಥದ್ದೇ. ತಪ್ಪು ಎಂದು ಹೇಳಿಸಿಕೊಂಡರೆ ತಿದ್ದಿಕೊಳ್ಳುತ್ತಾರೆ. ಏನೂ ಹೇಳದಿದ್ದರೆ ದೋಷ ತಮ್ಮ ತಲೆಯಲ್ಲೇ ಇದೆಯೆಂದು ತಿಳಿಯುತ್ತಾರೆ.

“ಎಲ್ಲಕ್ಕಿಂತ ಹೊರಗಿನ ಡಬ್ಬಿಯ ಹೆಸರು ಏನೂಂತ ಅದನ್ನೇ ಕೇಳು” ಎಂದೆ. ‘ಮೀಡಿಯಾವಿಕಿ’ ಎಂದು ಬಂತು. ಆದರೆ ಅದರ ಮುಂಚೆ ಪುಷ್ಪಾವರಣದೊಳಗೆ ಉದ್ದನೆಯ ಜಾಲವಿಳಾಸ! ಪ್ರೋಗ್ರಾಂ ಆ ವಿಳಾಸಕ್ಕೇನೂ ಹೋಗುವುದಿಲ್ಲ. ಅದು ಬರಿಯ ಗುರುತು, ನೇಮ್‌ಸ್ಪೇಸ್ ಎನ್ನುತ್ತಾರೆ. ಪಾಠದಲ್ಲಿ ಕೊಟ್ಟಿದ್ದ ಮಾದರಿ ಕಡತದಲ್ಲಿ ಅದು ಇರಲಿಲ್ಲ.

“ಇಲ್ಲಿ ಬರೀ ಪೇಜ್ ಅಂತ ಯಾರೂ ಇಲ್ಲ. ಇಂಥ ವಿಳಾಸದ ಪೇಜ್ ಅಂದ್ರೆ ಮಾತ್ರ ಓಗೊಡ್ತದೆ” ಎಂದೆ.

ಜಗಲಿಯಿಂದ ಭಾವನ ದನಿ: “ಅಂದ್ರೆ, ತಾಲ್ಲೂಕು ಬರೀದೆ ಉಳವಿಗೆ ಕಾಗದ ಹಾಕ್ದಂಗಾಯ್ತು.”

ಅವಳು ನಕ್ಕಳು. ಪೈಥಾನ್ 3.8ರಿಂದ ಈಚೆಗೆ ಇಡೀ ವಿಳಾಸದ ಬದಲು ಪುಷ್ಪಾವರಣದಲ್ಲಿ ಒಂದು ನಕ್ಷತ್ರ ಹಾಕಿದರೂ ನಡೆಯುತ್ತದೆ. ಅವಳು ಇಡೀ ವಿಳಾಸವನ್ನೇ ಸೇರಿಸಿದಳು. 14 ಶೀರ್ಷಿಕೆಗಳು ಸಾಲಾಗಿ ಇಳಿದವು. ಮೆಟ್ಟುಗತ್ತಿ ಮತ್ತೆ ಸದ್ದು ಮಾಡತೊಡಗಿತು.

ಲೇಖನದ ಪಠ್ಯವನ್ನೂ ತೆಗೆಯಹೋದಾಗ ಮತ್ತೊಂದು ದೋಷ, ‘ನನ್ ಟೈಪ್’ ಎಂದೇನೋ. ನಾನು ಕಾಫಿಗೆ ಎದ್ದಿದ್ದೆ. ಲೋಟ ಹಿಡಿದು ಬರುವಷ್ಟರಲ್ಲಿ ಅವಳೇ ಹೇಳಿದಳು: “ಪೇಜ್ ಒಳಗೆ ರಿವಿಷನ್ ಅಂತ ಇನ್ನೊಂದು ಡಬ್ಬಿ ಇದೆ ಮಾವ, ಪಠ್ಯ ಇರೋದು ಅದರೊಳಗೆ. ಅದಕ್ಕೂ ತಾಲ್ಲೂಕು ಬರೀಬೇಕಿತ್ತು.”