ಹನ್ನೊಂದು ಮಣಿಗಳ ಹಾರ

ಆಲಸನತ್ತದ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಬಳಿಕ ಮೊಮ್ಮಗಳು ಲೆಕ್ಕದ ಪುಸ್ತಕ ಹಿಡಿದು ನನ್ನ ಬಳಿ ಕೂರುವುದು ವಾಡಿಕೆ. ಮಾತಿಗೆ ಕನ್ನಡ ಬಲ್ಲಳು. ಬರಹಕ್ಕೆ ತಮಿಳು, ಇಂಗ್ಲಿಷು. ಕನ್ನಡದ ಅಕ್ಷರ ತೋರಿಸಿದರೆ, "ಅದು ಪರೀಕ್ಷೆಗೆ ಬರುವುದಿಲ್ಲ, ತಾತ" ಎಂದು ಮುಖ ತಿರುಗಿಸುವಳು. ಗದರಿಸಿ ಕಲಿಸಲು ನನಗೆ ಮನಸ್ಸು ಬಾರದು. ಒಂದು ಸಂಜೆ ಅಕ್ಷರದ ಸುದ್ದಿಯನ್ನೇ ಎತ್ತದೆ, 27994681ನ್ನು 441ರಿಂದ ಗುಣಿಸು ಎಂದೆ.

ಮೊದಲು ಗೊಣಗಿದಳು. ಆದರೆ ನಾಲ್ಕರ ಸಾಲನ್ನು ಒಮ್ಮೆ ಬರೆದರೆ ಸಾಕು, ಅದನ್ನೇ ಒಂದು ಸ್ಥಾನ ಸರಿಸಿ ಮತ್ತೆ ಬರೆಯಬಹುದೆಂದು ಕಂಡುಕೊಂಡ ಮೇಲೆ ಹುರುಪು ಬಂತು. ಕೂಡಿಸಿದಾಗ ಬಂದದ್ದು 12245654321. ನಾನು ಸುಮ್ಮನಿದ್ದೆ. ಅವಳೇ ದಿಟ್ಟಿಸಿ, "ಬಲದಿಂದ ಒಂದು, ಎರಡು, ಮೂರು ಎಂದಿದೆ, ಎಡದಿಂದ ಒಂದು, ಎರಡು, ಎರಡು. ಎಲ್ಲೋ ತಪ್ಪಿದೆ" ಎಂದಳು. ಕೈಯಲ್ಲಿ ಉಳಿದ ಒಂದನ್ನು ಸೇರಿಸಲು ಮರೆತಿದ್ದಳು. ತಿದ್ದಿದಾಗ 12345654321 ಆಯಿತು. ತನ್ನ ತಪ್ಪನ್ನು ತಾನೇ ತೋರಿಸಿಕೊಡುವ ಉತ್ತರ ಎಷ್ಟು ಲೆಕ್ಕಗಳಿಗೆ ಉಂಟು!

ಈ ಗುಣಾಕಾರ ನನ್ನದಲ್ಲ. ಕ್ರಿ. ಶ. 850ರ ಸುಮಾರಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ್ದು. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವುದು ಎಂದು ಆತ ಈ ಸಂಖ್ಯೆಯನ್ನು ಬಣ್ಣಿಸುತ್ತಾನೆ. ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಇಂಥ ಸಂಖ್ಯೆಗಳು ಆತನಿಗೆ ಕೊರಳ ಆಭರಣಗಳಂತೆ ಕಂಡವು. ಸಂಸ್ಕೃತದಲ್ಲಿ ಅಂಕಗಳನ್ನು ಪದಗಳಿಂದ ಹೇಳುವಾಗ ಬಿಡಿಸ್ಥಾನದಿಂದ ಆರಂಭಿಸುವುದು ರೂಢಿ; ಕೇಳಿದವನು ತಿರುಗಿಸಿ ಬರೆದುಕೊಳ್ಳಬೇಕು. ಹಾರಕ್ಕೆ ಆ ತಾಪತ್ರಯವಿಲ್ಲ. ಇದರ ಒಳಗುಟ್ಟೂ ಸೊಗಸಾದುದೇ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 21ನ್ನು 5291ರಿಂದ ಗುಣಿಸಿದರೆ 111111. ಆರು ಒಂದುಗಳನ್ನು ಅವುಗಳಿಂದಲೇ ಗುಣಿಸಿದ್ದನ್ನು ಆಚಾರ್ಯ ಬೇರೆ ವೇಷದಲ್ಲಿ ನಮ್ಮ ಮುಂದಿಟ್ಟಿದ್ದಾನೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದ್ದು ಮದ್ರಾಸಿನಲ್ಲಿ. ಕನ್ನಡನಾಡಿನ ದೊರೆಯ ಕಾಲದ ಗಣಿತ ಅಚ್ಚಿನ ರೂಪ ಕಂಡದ್ದು ನಮ್ಮ ಹೊಸೂರು ಆಗ ಸೇರಿದ್ದ ಪ್ರಾಂತದ ರಾಜಧಾನಿಯಲ್ಲಿ ಎಂಬುದು ಗಡಿಯವನಾದ ನನಗೆ ಸಣ್ಣ ಹೆಮ್ಮೆ.

ಇಷ್ಟನ್ನೂ ಮಗುವಿಗೆ ಹೇಳಲಿಲ್ಲ. ಅವಳ ಉತ್ತರದ ಕೆಳಗೆ ೧೨೩೪೫೬೫೪೩೨೧ ಎಂದು ಬರೆದು ಪುಸ್ತಕ ಹಿಂದಿರುಗಿಸಿದೆ. ಅವಳು ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಹೋಲಿಸಿ, ಬೆರಳಿಟ್ಟು, "ಇದು ಮೂರು, ಇದು ಆರು" ಎಂದು ತಾನಾಗಿಯೇ ಓದತೊಡಗಿದಳು.

"ಏಳರವರೆಗೆ ಏರುವ ಹಾರ ಇಲ್ಲವೇ, ತಾತ?"

"ಉಂಟು. ಏಳು ಒಂದುಗಳನ್ನು ಬರೆದು ಅವುಗಳಿಂದಲೇ ಗುಣಿಸು. ಹೀಗೆ ಒಂಬತ್ತರವರೆಗೂ ಏರಬಹುದು. ಹತ್ತು ಒಂದುಗಳಿಗೆ ಹೋದರೆ ನಡುವೆ ಕೈಯಲ್ಲಿ ಉಳಿದು ಹಾರ ಹರಿಯುತ್ತದೆ."

ಅವಳು ಹಾಳೆ ಮಗುಚಿ ಏಳು ಒಂದುಗಳನ್ನು ಬರೆದಳು, ಕನ್ನಡದವನ್ನೇ. ಬಹಳ ಹೊತ್ತು ಗುಣಿಸಿ, ನಡುವಿನ ಸ್ಥಾನವೊಂದನ್ನು ಮಾತ್ರ ಖಾಲಿ ಬಿಟ್ಟು ತಲೆಯೆತ್ತಿದಳು.

"ತಾತ, ಕನ್ನಡದಲ್ಲಿ ಏಳು ಬರೆಯುವುದು ಹೇಗೆ?"